ಶಕ್ತಿಪೀಠ ಹೆದ್ದಾರಿ: ಪರೀಕ್ಷಾ ಟಿಪ್ಪಣಿ
ನಾಗಪುರ–ಗೋವಾ ಶಕ್ತಿಪೀಠ ಹೆದ್ದಾರಿ ವರ್ಧಾ ಜಿಲ್ಲೆಯ ಪವನಾರದಿಂದ ಗೋವಾ ಗಡಿಯ ಪತ್ರಾದೇವಿವರೆಗಿನ ಯೋಜನೆ. 2025ರ ಜೂನ್‌ನಲ್ಲಿ ಮಹಾರಾಷ್ಟ್ರ ಸಂಪುಟ ಒಪ್ಪಿದಂತೆ ಉದ್ದ 802 ಕಿ.ಮೀ., ಜಿಲ್ಲೆಗಳು 12. ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಗಳೂ ಇದರಲ್ಲಿವೆ. ಶಕ್ತಿಪೀಠಗಳು: ಮಾಹೂರು, ತುಳಜಾಪುರ, ಕೊಲ್ಹಾಪುರ. ಮುಂಬೈ–ನಾಗಪುರದ ಸಮೃದ್ಧಿ ಮಾರ್ಗ (701 ಕಿ.ಮೀ.) ಬೇರೆ, ಇಲ್ಲಿ ಎಡವಬೇಡಿ.

ಪ್ರಯಾಣ 18 ಗಂಟೆಯಿಂದ 8ಕ್ಕೆ ಇಳಿಯುತ್ತದೆ, ಹಿಂದುಳಿದ ಮರಾಠವಾಡ ಬೆಳೆಯುತ್ತದೆ ಎಂಬುದು ಸರ್ಕಾರದ ವಾದ. ವೇಗದ ಲಾಭ ನಿಜವೇ. ಆದರೆ ಪ್ರವೇಶ ನಿಯಂತ್ರಿತ ಟೋಲ್ ರಸ್ತೆಯನ್ನು ಇಂಟರ್‌ಚೇಂಜ್ ಇದ್ದಲ್ಲಿ ಮಾತ್ರ ಹತ್ತಬಹುದು. ಹೊಲ ಇಬ್ಭಾಗವಾಗುವುದು ಮಾತ್ರ ದಾರಿಯುದ್ದಕ್ಕೂ. ಪರಿಹಾರ ಸಿಗುತ್ತದಲ್ಲ ಎನ್ನುವವರಿಗೆ ಉತ್ತರ: ಹಣ ಬರುವುದು ಒಮ್ಮೆ, ಬೆಳೆ ಬರುವುದು ವರ್ಷವರ್ಷ. ಭೂಸ್ವಾಧೀನ ಮತ್ತು ಯೋಜನಾ ಸಿದ್ಧತೆಗೆ ₹20,787 ಕೋಟಿ ಮಂಜೂರಾಗಿದ್ದರೂ, ರೈತರ ಒಪ್ಪಿಗೆ ಪಡೆಯದೆ ಅಳತೆಗೆ ಇಳಿಯುವುದು ಅನ್ಯಾಯ.