ಚೌಕಾಬಾರದ ಮಣೆಯ ಮೇಲೆ ಚದುರಂಗದ ಕುದುರೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯ ಯಾವ ಹಳ್ಳಿಯ ಜಗಲಿಯ ಮೇಲಾದರೂ ಚೌಕಾಬಾರದ ಮಣೆಯನ್ನು ಬರೆಯುವುದಕ್ಕೆ ಒಂದು ತುಂಡು ಸೀಮೆಸುಣ್ಣವೋ ಇದ್ದಿಲ ಚೂರೋ ಇದ್ದರೆ ಸಾಕು. ಐದು ಸಾಲು, ಸಾಲಿಗೆ ಐದು ಮನೆ, ಒಟ್ಟು ೨೫. ನಾಲ್ಕು ಅಂಚುಗಳ ನಟ್ಟನಡುವಿನ ಮನೆಗಳಿಗೂ ಮಣೆಯ ಮಧ್ಯದ ಮನೆಗೂ ಕತ್ತರಿಗೆರೆ ಎಳೆದರೆ ಮಣೆ ಸಿದ್ಧವಾಯಿತು. ಅಂಚಿನ ಕತ್ತರಿಮನೆಯಿಂದ ಹೊರಟ ಕಾಯಿ, ಕವಡೆ ಬಿದ್ದಂತೆ ಸುತ್ತು ಹಾಕುತ್ತ, ಒಳಸುತ್ತಿಗೆ ಇಳಿದು, ಕಡೆಗೆ ನಡುಮನೆಯನ್ನು ಸೇರಿ ಹಣ್ಣಾಗುತ್ತದೆ. ಇದನ್ನು ತಿಳಿಯದ ವಾಚಕರು ಈ ಸೀಮೆಯಲ್ಲಿ ಇರಲಾರರು.

ಈಗ ಆ ಕಾಯಿಯನ್ನು ತೆಗೆದು, ಅದರ ಸ್ಥಳದಲ್ಲಿ ಚದುರಂಗದ ಕುದುರೆಯೊಂದನ್ನು ಇಡೋಣ. ಕುದುರೆಯ ನಡೆ ಎಲ್ಲರಿಗೂ ಗೊತ್ತಿರುವುದೇ: ನೇರವಾಗಿ ಎರಡು ಮನೆ, ಅಡ್ಡಕ್ಕೆ ಒಂದು ಮನೆ. ಅಂಚಿನ ಕತ್ತರಿಮನೆಯಿಂದ ಹೊರಟ ಈ ಕುದುರೆ, ೨೫ ಮನೆಗಳನ್ನೂ ಒಂದೊಂದು ಸಾರಿ ಮಾತ್ರ ಮೆಟ್ಟಿ, ನಡುಮನೆಯಲ್ಲಿ ಹಣ್ಣಾಗಬಲ್ಲುದೆ? ಉತ್ತರವನ್ನು ಕಡೆಗೆ ನೋಡೋಣ. ಅದಕ್ಕೆ ಮೊದಲು, ಈ ಬಗೆಯ ಪ್ರಶ್ನೆಯನ್ನು ಚದುರಂಗದ ೬೪ ಮನೆಗಳ ಮೇಲೆ ಕೇಳಿದವರು ಯಾರು ಯಾರು ಎಂಬ ಚರಿತ್ರೆಯನ್ನು ಸ್ವಲ್ಪ ವಿಚಾರಿಸಬೇಕು. ಏಕೆಂದರೆ ಆ ಚರಿತ್ರೆಯಲ್ಲಿ ನಮ್ಮ ಮೈಸೂರಿಗೆ ಒಂದು ಸ್ಥಾನವುಂಟು. ಆದರೆ ಆ ಸ್ಥಾನ ಯಾವುದೆಂಬ ವಿಷಯದಲ್ಲಿ ನಾವು ಹೇಳಿಕೊಳ್ಳುತ್ತಿರುವ ಮಾತು ಸರಿಯಾದುದಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರು ೧೭೯೪ರಲ್ಲಿ ಹುಟ್ಟಿದರು. ಟಿಪ್ಪುವಿನ ಪತನವಾದ ೧೭೯೯ರಲ್ಲಿಯೇ, ಐದು ವರ್ಷದ ಬಾಲಕರಾಗಿ, ಅವರು ಪಟ್ಟವೇರಿದರು. (ಕೃಷ್ಣರಾಜನಗರಕ್ಕೆ ಹೆಸರು ಕೊಟ್ಟವರು ನಾಲ್ವಡಿಯವರು, ಇಬ್ಬರನ್ನೂ ಒಬ್ಬರೆಂದು ತಿಳಿಯುವವರು ಇಂದಿಗೂ ಇದ್ದಾರೆ.) ೧೮೩೧ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ೧೮೬೮ರಲ್ಲಿ ಕಾಲವಾಗುವವರೆಗೆ, ಮೂವತ್ತೇಳು ವರ್ಷಗಳ ಕಾಲ, ಅರಸರಿಗೆ ಪಟ್ಟವಿತ್ತು, ಅಧಿಕಾರವಿರಲಿಲ್ಲ. ರಾಜ್ಯವಾಳಲು ಅವಕಾಶವಿಲ್ಲದ ಆ ಬುದ್ಧಿ ಗ್ರಂಥರಚನೆ, ಚಿತ್ರಕಲೆ, ಆಟಗಳ ಕಡೆಗೆ ಹರಿಯಿತು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ, ದೇವತೆಗಳ, ಗ್ರಹಗಳ, ಆಗಮಗಳ ನಿಧಿಗಳ ಜೊತೆಯಲ್ಲಿ ಒಂಬತ್ತನೆಯದಾಗಿ ನಿಂತಿರುವುದು ಕೌತುಕನಿಧಿ. ಆಟಗಳಿಗೆ ಇಷ್ಟು ಎತ್ತರದ ಪೀಠವನ್ನು ಕೊಟ್ಟ ಅರಸರು ವಿರಳ. ಮೈಸೂರಿನ ಜಗನ್ಮೋಹನ ಅರಮನೆಯ ರಂಗಮಹಲಿನಲ್ಲಿ ಅವರು ಕಲ್ಪಿಸಿದ ಆಟದ ಹಾಸುಗಳ ಚಿತ್ರಗಳಿವೆ. ಹೊಸ ಬಗೆಯ ಗಂಜೀಫಾ ಎಲೆಗಳನ್ನೂ ಅವರು ಕಲ್ಪಿಸಿದರು.

ಇವುಗಳ ನಡುವೆ ಕುದುರೆಯ ಸಂಚಾರಗಳೂ ಇವೆ. ೬೪ ಮನೆಗಳನ್ನೂ ಮೆಟ್ಟುವ ಕುದುರೆಯ ಹೆಜ್ಜೆಗಳಿಗೆ ೧ರಿಂದ ೬೪ರವರೆಗೆ ಅಂಕೆ ಹಾಕಿದಾಗ, ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಉದ್ದಸಾಲಿನ ಮೊತ್ತವೂ ಒಂದೇ ಆಗುವಂತಹ ಸಂಚಾರವೂ ಅವರ ಹೆಸರಿನಲ್ಲಿ ಬಂದಿದೆ.

ಈ ಕಾರಣದಿಂದಲೇ ಸಭೆಗಳಲ್ಲಿಯೂ ಬರೆಹಗಳಲ್ಲಿಯೂ ಒಂದು ಮಾತು ಕೇಳಿಬರುತ್ತದೆ: ಚದುರಂಗದ ಕುದುರೆಯ ಸಮಸ್ಯೆಯನ್ನು ಲೋಕದಲ್ಲಿ ಮೊಟ್ಟಮೊದಲು ಬಿಡಿಸಿದವರು ಮೈಸೂರಿನ ಮುಮ್ಮಡಿಯವರು ಎಂದು. ಕೇಳಲು ಹಿತವಾದ ಮಾತು. ಆದರೆ ಅದು ನಿಜವಲ್ಲ. ಅವರಿಗೆ ಸುಮಾರು ಸಾವಿರ ವರ್ಷ ಹಿಂದೆಯೇ ಅದನ್ನು ಬಿಡಿಸಿದವರಿದ್ದರು.

ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ಚಿತ್ರಕಾವ್ಯದ ಒಂದು ಭೇದವಾಗಿ ತುರಗಪದವನ್ನು ಹೇಳಿದ್ದಾನೆ. ಅನುಷ್ಟುಪ್ ಶ್ಲೋಕಕ್ಕೆ ೩೨ ಅಕ್ಷರ. ಪಾದಕ್ಕೊಂದು ಸಾಲಿನಂತೆ ನಾಲ್ಕು ಸಾಲಾಗಿ ಬರೆದರೆ, ಸಾಲಿಗೆ ಎಂಟು ಅಕ್ಷರ. ಅದೇ ಚದುರಂಗದ ಅರ್ಧ ಮಣೆ. ಈ ಶ್ಲೋಕವನ್ನು ಸಾಲಿನಂತೆ ಓದಿದರೂ ಒಂದೇ, ಕುದುರೆಯ ನಡೆಯಂತೆ ಹಾರಿ ಹಾರಿ ಓದಿದರೂ ಒಂದೇ. ಅದೇ ಶತಮಾನದಲ್ಲಿ ಬಾಗ್ದಾದಿನ ಕಡೆ ಅಲ್ ಅದ್ಲೀ ಎಂಬ ಪ್ರಸಿದ್ಧ ಆಟಗಾರನಿಗೂ ಕುದುರೆಯ ಸಂಚಾರ ಗೊತ್ತಿತ್ತು. ಮುಂದೆ ವೇದಾಂತದೇಶಿಕರು ‘ಪಾದುಕಾಸಹಸ್ರ’ದಲ್ಲಿ ಇನ್ನೂ ಕಷ್ಟವಾದ ಕೆಲಸವನ್ನು ಮಾಡಿದರು: ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಬೇರೆ ಅರ್ಥವುಳ್ಳ ಮತ್ತೊಂದು ಶ್ಲೋಕವೇ ಹುಟ್ಟುತ್ತದೆ. ಶ್ರೀರಂಗದ ಮೇಲೆ ದಂಡು ಬಂದ ಕಾಲದಲ್ಲಿ ಈ ಆಚಾರ್ಯರು ಕೊಳ್ಳೇಗಾಲದ ಬಳಿಯ ಸತ್ಯಾಗಾಲದಲ್ಲಿಯೂ ಮೇಲುಕೋಟೆಯಲ್ಲಿಯೂ ಇದ್ದರೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಹಾಗಾದರೆ ಈ ವಿದ್ಯೆ ಕಾವೇರಿಯ ದಡಕ್ಕೆ ಅರಮನೆಗಿಂತ ಮೊದಲೇ ಬಂದಿತ್ತೆನ್ನಬೇಕು. ಯೂರೋಪಿನಲ್ಲಿ ಇದನ್ನು ಗಣಿತದ ವಿಷಯವನ್ನಾಗಿ ಮಾಡಿದವನು ಆಯ್ಲರ್, ೧೭೫೯ರಲ್ಲಿ. ಅದೂ ಮುಮ್ಮಡಿಯವರು ಹುಟ್ಟುವುದಕ್ಕೆ ಮೊದಲು.

ಚದುರಂಗದ ಚರಿತ್ರೆಯೆಂದರೆ ಇಂದಿಗೂ ಎಲ್ಲರೂ ಮೊದಲು ತೆರೆಯುವ ಗ್ರಂಥ ಎಚ್. ಜೆ. ಆರ್. ಮರ್ರೇ ಎಂಬ ಆಂಗ್ಲ ವಿದ್ವಾಂಸನು ೧೯೧೩ರಲ್ಲಿ ಪ್ರಕಟಿಸಿದ ಬೃಹತ್ ಸಂಪುಟ. ಆಟವು ಭಾರತದಲ್ಲಿ ಹುಟ್ಟಿ, ಪಾರಸಿಕರ ಮೂಲಕ ಅರಬ್ಬರಿಗೂ ಅವರಿಂದ ಯೂರೋಪಿಗೂ ಹೋಯಿತೆಂಬ ವಾದವನ್ನು ಆತನು ಭದ್ರವಾಗಿ ನಿಲ್ಲಿಸಿದನು. ಆದರೆ ಒಂದು ಗ್ರಂಥ, ಅದು ಎಷ್ಟೇ ದೊಡ್ಡದಾಗಿರಲಿ, ತನ್ನ ಕಾಲದಲ್ಲಿ ಅಚ್ಚಾಗಿದ್ದ ಆಧಾರಗಳನ್ನು ಮೀರಲಾರದು. ಇದಕ್ಕೆ ಕನ್ನಡ ನಾಡಿನದೇ ಒಂದು ನಿದರ್ಶನವಿದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಕಡೆಯದು ಕ್ರೀಡಾವಿಂಶತಿ. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಮೊದಲ ಸಂಪುಟ ಅಚ್ಚಾದುದು ೧೯೨೫ರಲ್ಲಿ. ಕ್ರೀಡಾವಿಂಶತಿ ಬೆಳಕು ಕಂಡುದು ೧೯೬೧ರ ಮೂರನೆಯ ಸಂಪುಟದಲ್ಲಿ. ಅದರಲ್ಲಿ ಚದುರಂಗಕ್ಕೆ ಮೀಸಲಾದ ಅರುವತ್ತಕ್ಕೂ ಹೆಚ್ಚು ಶ್ಲೋಕಗಳು ಆಮೇಲೂ ಬಹುಕಾಲ ಆಟದ ಚರಿತ್ರಕಾರರ ಕಣ್ಣಿಗೆ ಬೀಳಲಿಲ್ಲ. ೧೯೯೬ರಲ್ಲಿ ಆಂಡ್ರೆಯಾಸ್ ಬಾಕ್-ರಾಮಿಂಗ್ ಎಂಬ ಜರ್ಮನ್ ಸಂಸ್ಕೃತಜ್ಞನು ಅವನ್ನು ಅನುವಾದಿಸಿ, ವ್ಯಾಖ್ಯಾನದೊಡನೆ ಪ್ರಕಟಿಸಿದಮೇಲೆ ಈ ಕೊರತೆ ನೀಗಿತು. ಎಂಟು ಶತಮಾನಗಳ ಹಿಂದೆ ಕಲ್ಯಾಣದ ಆಸ್ಥಾನದಲ್ಲಿ ಆಡುತ್ತಿದ್ದ ಆಟವನ್ನು ನಮಗೆ ಮತ್ತೆ ತೋರಿಸಿಕೊಡಲು ಜರ್ಮನ್ ಭಾಷೆಯ ಲೇಖನವೊಂದು ಬೇಕಾಯಿತೆಂಬುದು ನಾವು ಯೋಚಿಸತಕ್ಕ ವಿಷಯ.

ಮುಮ್ಮಡಿಯವರ ಕೃತಿಗಳ ಗತಿಯೂ ಹೆಚ್ಚು ಬೇರೆಯಲ್ಲ. ಆರ್. ವಸಂತ ಅವರು ಅರಸರ ಆಟಗಳನ್ನೂ ಒಗಟುಗಳನ್ನೂ ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ೨೦೦೬ರಲ್ಲಿ ಪ್ರಕಟವಾದುದು ಜರ್ಮನಿಯ ಚದುರಂಗ ಚರಿತ್ರೆಯ ಸಂಘವೊಂದರಿಂದ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳನ್ನು ನಡೆಸಿ, ಚೌಕಾಬಾರ, ಪಗಡೆ, ಅಳಗುಳಿಮಣೆಗಳ ಜೊತೆಗೆ ಈ ಪರಂಪರೆಯನ್ನು ಜನರ ಮುಂದಿಟ್ಟಿದೆ.

ಹಾಗಾದರೆ ಮುಮ್ಮಡಿಯವರ ನಿಜವಾದ ಸ್ಥಾನ ಯಾವುದು? ಅದು ಮೊತ್ತ ಸಮನಾಗುವ ಸಂಚಾರದ ಕ್ಷೇತ್ರದಲ್ಲಿದೆ. ೧ರಿಂದ ೬೪ರವರೆಗಿನ ಅಂಕೆಗಳನ್ನು ಕೂಡಿದರೆ ೨೦೮೦. ಎಂಟು ಸಾಲುಗಳಿಗೆ ಹಂಚಿದರೆ ಸಾಲಿಗೆ ೨೬೦. ಕುದುರೆಯ ಸಂಚಾರವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಹೊರಟ ಮನೆಗೇ ಒಂದೇ ನೆಗೆತದಲ್ಲಿ ಮರಳಬಹುದಾದ ಸಂಚಾರಗಳೇ ೧,೩೨,೬೭,೩೬,೪೪,೧೦,೫೩೨ ಇವೆಯೆಂದು ಆಸ್ಟ್ರೇಲಿಯದ ಬ್ರೆಂಡನ್ ಮೆಕ್ಕೇ ೧೯೯೭ರಲ್ಲಿ ಎಣಿಸಿದನು. ಎಂದರೆ ಹದಿಮೂರು ಲಕ್ಷ ಕೋಟಿಗೂ ಮಿಕ್ಕು. ಆದರೆ ಸಾಲುಗಳೆಲ್ಲವೂ ೨೬೦ ಆಗಬೇಕೆಂದರೆ, ತಿರುಗಿಸಿದ ಮತ್ತು ಕನ್ನಡಿಯಲ್ಲಿ ಕಂಡ ರೂಪಗಳನ್ನು ಬೇರೆಯೆಂದು ಎಣಿಸದಿದ್ದಲ್ಲಿ, ಇರುವುವು ಕೇವಲ ೧೪೦. ಯೂರೋಪಿನಲ್ಲಿ ಇಂತಹುದನ್ನು ಮೊದಲು ಪ್ರಕಟಿಸಿದವನು ವಿಲಿಯಂ ಬೆವರ್ಲಿ, ೧೮೪೮ರಲ್ಲಿ. ಆತನ ಮಣೆಯ ಮೊದಲ ಸಾಲು ಹೀಗಿದೆ: ೧, ೪೮, ೩೧, ೫೦, ೩೩, ೧೬, ೬೩, ೧೮. ವಾಚಕರು ಕೂಡಿ ನೋಡಬಹುದು. ಆದರೆ ಅದೇ ಮಣೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಕೂಡಿದರೆ ಒಂದು ಕಡೆ ೨೮೨, ಇನ್ನೊಂದು ಕಡೆ ೨೧೦ ಬರುತ್ತದೆ.

ಬೆವರ್ಲಿಗೆ ಅಲ್ಲಿ ಈ ಗೀಳು ಹಿಡಿದಿದ್ದ ಪೀಳಿಗೆಯಲ್ಲಿಯೇ, ಸಾವಿರಾರು ಹರದಾರಿ ಈಚೆಗೆ, ಅಧಿಕಾರ ಕಳೆದುಕೊಂಡ ಅರಸರೊಬ್ಬರು ಅದೇ ಗೀಳಿನಲ್ಲಿ ಮುಳುಗಿದ್ದರು. ೧೩ ಲಕ್ಷ ಕೋಟಿಗೂ ಮಿಕ್ಕ ದಾರಿಗಳ ಕಾಡಿನಲ್ಲಿ ಇರುವ ಆ ನೂರನಲವತ್ತರಲ್ಲಿ ಒಂದನ್ನು ಕೈಲೆಕ್ಕದಿಂದ ಹುಡುಕಿ ತೆಗೆದ ಮೊದಲ ಪೀಳಿಗೆಯವರಲ್ಲಿ ಅವರೂ ಒಬ್ಬರು. ಮೊದಲಿಗರೆಂಬ ಸುಳ್ಳು ಬಿರುದಿಗಿಂತ ಇದು ದೊಡ್ಡದೆಂದು ನನ್ನ ಅಭಿಪ್ರಾಯ. ಓರೆಸಾಲುಗಳೂ ೨೬೦ ಆಗುವ ಸಂಚಾರ ಯಾರಿಗೂ ಸಿಕ್ಕಲಿಲ್ಲ. ಏಕೆ ಸಿಕ್ಕಲಿಲ್ಲವೆಂಬುದು ೨೦೦೩ರ ಆಗಸ್ಟಿನಲ್ಲಿ ತಿಳಿಯಿತು. ಸ್ಟೆರ್ಟೆನ್‌ಬ್ರಿಂಕ್, ಮೇರಿನ್ಯಾಕ್, ಮೆಕೇ ಎಂಬ ಮೂವರು ಗಣಕಯಂತ್ರಗಳಿಂದ ಅರುವತ್ತೊಂದು ದಿನಗಳಿಗೂ ಮಿಕ್ಕ ಲೆಕ್ಕವನ್ನು ಮಾಡಿಸಿ, ೬೪ ಮನೆಗಳ ಮಣೆಯಲ್ಲಿ ಅಂತಹ ಸಂಚಾರವೇ ಇಲ್ಲವೆಂದು ತೋರಿಸಿದರು. ಅರಸರ ಸಂಚಾರದಲ್ಲಿ ಓರೆಸಾಲು ಕೂಡದಿರುವುದು ಅವರ ಕುಂದಲ್ಲ, ಮಣೆಯ ಸ್ವಭಾವ.

ಇನ್ನು ನಮ್ಮ ಜಗಲಿಗೆ ಹಿಂತಿರುಗೋಣ. ೨೫ ಮನೆಗಳ ಮಣೆಯಲ್ಲಿ ಗಣಕಯಂತ್ರವಿಲ್ಲದೆಯೇ ಇಂತಹ ನಿರ್ಣಯಗಳನ್ನು ಮಾಡಬಹುದು. ಮನೆಗಳಿಗೆ ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದಕ್ಕೆ ಇದ್ದಿಲು ಬಳಿಯಿರಿ; ಮೂಲೆಯ ಮನೆಗಳು ಕಪ್ಪಾಗಿರಲಿ. ಆಗ ಕಪ್ಪುಮನೆ ೧೩, ಬಿಳಿಮನೆ ೧೨. ಕುದುರೆಯು ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುತ್ತದೆ. ಆದುದರಿಂದ ಎಲ್ಲ ಮನೆಗಳನ್ನೂ ಮೆಟ್ಟಬೇಕಾದರೆ ಕಪ್ಪಿನಿಂದ ಹೊರಟು ಕಪ್ಪಿನಲ್ಲಿಯೇ ನಿಲ್ಲಬೇಕು. ಬಿಳಿಮನೆಯಿಂದ ಹೊರಟರೆ ಸಂಚಾರವಿಲ್ಲ. ಕಪ್ಪಿನಿಂದ ಕಪ್ಪಿಗೆ ಒಂದೇ ನೆಗೆತ ಅಸಾಧ್ಯವಾದುದರಿಂದ, ಹೊರಟ ಮನೆಗೆ ಮರಳುವ ಸಂಚಾರವೂ ಇಲ್ಲ. ಏಳು ಸಾಲಿನ ದೊಡ್ಡ ಚೌಕಾಬಾರಕ್ಕೂ ಇದೇ ಮಾತು ಸಲ್ಲುತ್ತದೆ.

ಕತ್ತರಿಮನೆಗಳು ಐದೂ ಕಪ್ಪಿನಲ್ಲಿ ಬೀಳುತ್ತವೆ. ಅಲ್ಲಿಂದ ಹೊರಡುವುದಕ್ಕೆ ಅಡ್ಡಿಯಿಲ್ಲ. ಹೊರಡುವ ದಿಕ್ಕನ್ನೂ ಗಣಿಸಿದರೆ ಒಟ್ಟು ಸಂಚಾರಗಳು ೧೭೨೮. ಪ್ರತಿ ಮೂಲೆಯಿಂದ ೩೦೪, ನಡುಮನೆಯಿಂದ ೬೪, ಅಂಚಿನ ಕತ್ತರಿಮನೆಗಳಿಂದ ಒಂದೊಂದಕ್ಕೆ ೫೬. ಮೂಲೆಗೆ ಓರೆಯಾಗಿ ಒಳಗಿರುವ ನಾಲ್ಕು ಮನೆಗಳಿಂದಲೂ ಅಷ್ಟಷ್ಟೇ. ಮೂಲೆಯಿಂದ ಹೊರಟು ನಡುವಿನಲ್ಲಿ ಹಣ್ಣಾಗುವ ಒಂದು ಸಂಚಾರವನ್ನು ಇಲ್ಲಿ ಕೊಟ್ಟಿದೆ:

೧   ೧೪   ೯   ೨೦   ೩
೨೪   ೧೯   ೨   ೧೫   ೧೦
೧೩   ೮   ೨೫   ೪   ೨೧
೧೮   ೨೩   ೬   ೧೧   ೧೬
೭   ೧೨   ೧೭   ೨೨   ೫

ಬೇರೆ ಸಂಚಾರಗಳನ್ನು ಹುಡುಕುವವರಿಗೆ ವಾರ್ನ್ಸ್‌ಡಾರ್ಫ್ ಎಂಬಾತನು ೧೮೨೩ರಲ್ಲಿ ಹೇಳಿದ ಉಪಾಯ ನೆರವಾಗುತ್ತದೆ: ಮುಂದೆ ಹೋಗಲು ಅತಿ ಕಡಿಮೆ ದಾರಿ ಉಳಿದಿರುವ ಮನೆಗೇ ಮೊದಲು ನೆಗೆಯಬೇಕು. ಇಕ್ಕಟ್ಟಿನ ಮನೆಗಳನ್ನು ಕಡೆಗೆ ಉಳಿಸಿಕೊಂಡವನು ಸಿಕ್ಕಿಬೀಳುತ್ತಾನೆ.

ಎಲ್ಲಕ್ಕಿಂತ ಇಕ್ಕಟ್ಟಾದುವು ಮೂಲೆಗಳು. ಮೂಲೆಯ ಮನೆಗೆ ಇರುವುದು ಎರಡೇ ದಾರಿ. ನಾವು ಮೊದಲು ಕೇಳಿದ ಪ್ರಶ್ನೆಯ ಉತ್ತರವೂ ಅಲ್ಲಿಯೇ ಅಡಗಿದೆ. ಕುದುರೆಯ ಆರಂಭವೂ ಅಂತ್ಯವೂ ಮೂಲೆಯಲ್ಲಿ ಇಲ್ಲವೆಂದು ಭಾವಿಸಿ. ಆಗ ಅದು ಪ್ರತಿ ಮೂಲೆಗೂ ಒಂದು ದಾರಿಯಿಂದ ಬಂದು ಇನ್ನೊಂದರಿಂದ ಹೋಗಬೇಕು. ಎಂದರೆ ನಾಲ್ಕು ಮೂಲೆಗಳ ಎಂಟು ದಾರಿಗಳನ್ನೂ ಬಳಸಬೇಕು. ಆ ಎಂಟು ದಾರಿಗಳನ್ನು ಮಣೆಯ ಮೇಲೆ ಗೆರೆ ಎಳೆದು ನೋಡಿ. ನಾಲ್ಕು ಮೂಲೆಗಳೂ, ನಡುಮನೆಗೆ ಅಂಟಿಕೊಂಡಿರುವ ನಾಲ್ಕು ಮನೆಗಳೂ ಸೇರಿ, ಎಂಟು ಮನೆಗಳ ಒಂದು ಮುಚ್ಚಿದ ಸುತ್ತು ಆಗುತ್ತದೆ. ಅದರೊಳಗೆ ಸಿಕ್ಕಿದ ಕುದುರೆ ಉಳಿದ ಹದಿನೇಳು ಮನೆಗಳನ್ನು ಎಂದಿಗೂ ಕಾಣದು. ಆದುದರಿಂದ ಈ ಮಣೆಯ ಪ್ರತಿ ಸಂಚಾರದ ಒಂದು ತುದಿಯಾದರೂ ಮೂಲೆಯಲ್ಲಿರಲೇಬೇಕು. ಅಂಚಿನ ಕತ್ತರಿಮನೆಯಿಂದ ಹೊರಟ ಕುದುರೆಗೆ ಐವತ್ತಾರು ದಾರಿಗಳುಂಟು; ಐವತ್ತಾರೂ ಮೂಲೆಯಲ್ಲಿಯೇ ಮುಗಿಯುತ್ತವೆ. ನಡುಮನೆಯಲ್ಲಿ ಹಣ್ಣಾಗುವ ಭಾಗ್ಯ ಚೌಕಾಬಾರದ ಕಾಯಿಗೆ ಮಾತ್ರ.