ಉಲ್ಸಾನ್ ಕದನ: ಪರೀಕ್ಷಾ ಟಿಪ್ಪಣಿ

ರಷ್ಯಾ-ಜಪಾನ್ ಯುದ್ಧ (1904-05) ಎಂದೊಡನೆ ಅಭ್ಯರ್ಥಿಗಳಿಗೆ ನೆನಪಾಗುವುದು ತ್ಸುಶಿಮಾ. ಆದರೆ ಕ್ರೂಸರ್ ಹಡಗುಗಳ ಕಾಳಗವೆಂದರೆ 1904ರ ಆಗಸ್ಟ್ 14ರಂದು ಕೊರಿಯಾದ ಉಲ್ಸಾನ್ ಬಳಿ ನಡೆದದ್ದನ್ನೇ ಮೊದಲು ಓದಬೇಕು.

ವ್ಲಾಡಿವೊಸ್ತೋಕ್‌ನಿಂದ ಹೊರಟ ರೊಸ್ಸಿಯಾ, ಗ್ರೊಮೊಬೊಯ್, ರೂರಿಕ್ ಹಡಗುಗಳ ನಾಯಕ ಕಾರ್ಲ್ ಯೆಸ್ಸೆನ್. ಪೋರ್ಟ್ ಆರ್ಥರ್‌ನಿಂದ ಬರುವ ನೌಕಾಪಡೆಯನ್ನು ಕೂಡಿಕೊಳ್ಳುವುದು ಅವರ ಉದ್ದೇಶ. ಆ ಪಡೆ ಆಗಸ್ಟ್ 10ರಂದೇ ಹಳದಿ ಸಮುದ್ರದಲ್ಲಿ ಸೋತು ಚದುರಿತ್ತು. ಎದುರಾದವರು ಜಪಾನಿನ ಕಮಿಮುರಾ ಹಿಕೊನೊಜೊ. ಅವರ ಬಳಿ ಇಝುಮೊ, ಅಝುಮಾ, ಟೊಕಿವಾ, ಇವಾಟೆ ಎಂಬ ನಾಲ್ಕು ಕವಚದ ಕ್ರೂಸರ್‌ಗಳಿದ್ದವು.

ಸಾಲಿನ ಕೊನೆಯಲ್ಲಿದ್ದ ರೂರಿಕ್‌ನ ಚುಕ್ಕಾಣಿಗೆ ಗುಂಡು ಬಡಿಯಿತು. ಹಡಗು ಹೇಳಿದತ್ತ ತಿರುಗದಾಯಿತು. ಅದನ್ನು ಉಳಿಸಲು ಯೆಸ್ಸೆನ್ ಮತ್ತೆ ಮತ್ತೆ ಹಿಂದಿರುಗಿ, ತಮ್ಮ ಹಡಗುಗಳನ್ನೇ ಅಡ್ಡ ನಿಲ್ಲಿಸಿದರು. ಆಗದೆ ಕೊನೆಗೆ ಉತ್ತರಕ್ಕೆ ಸಾಗಿದರು. ರೂರಿಕ್‌ನಲ್ಲಿ ಉಳಿದಿದ್ದ ನಾವಿಕರು ಶತ್ರುವಿಗೆ ಒಪ್ಪಿಸದೆ, ತಳದ ಕವಾಟ ತೆರೆದು ಹಡಗನ್ನು ತಾವೇ ಮುಳುಗಿಸಿದರು. ನೀರಿಗೆ ಬಿದ್ದ ಸುಮಾರು 600 ಮಂದಿಯನ್ನು ಜಪಾನೀಯರೇ ಎತ್ತಿಕೊಂಡರು. ಇದೇ ರಷ್ಯನ್ ಕ್ರೂಸರ್‌ಗಳು ಜೂನ್‌ನಲ್ಲಿ ಹಿಟಾಚಿ ಮಾರು ಎಂಬ ಸೈನಿಕ ಸಾಗಣೆ ಹಡಗನ್ನು ಮುಳುಗಿಸಿದ್ದವು. ಅದನ್ನು ನೆನೆದರೆ ಆ ನಡೆಯ ತೂಕ ತಿಳಿಯುತ್ತದೆ.

ಗೊಂದಲ ಬೇಡ: ತ್ಸುಶಿಮಾ ಕದನ 1905ರ ಮೇ 27-28, ಜಪಾನಿನ ನಾಯಕ ಟೋಗೊ. ಯುದ್ಧ ಮುಗಿಸಿದ್ದು 1905ರ ಸೆಪ್ಟೆಂಬರ್ 5ರ ಪೋರ್ಟ್ಸ್‌ಮೌತ್ ಒಪ್ಪಂದ. ಮಧ್ಯಸ್ಥಿಕೆ ವಹಿಸಿದ ಥಿಯೊಡೋರ್ ರೂಸ್‌ವೆಲ್ಟ್ ಅವರಿಗೆ 1906ರ ನೊಬೆಲ್ ಶಾಂತಿ ಪ್ರಶಸ್ತಿ.