‘ಸೀ ಕ್ಲೌಡ್’: ವಿಹಾರ ನೌಕೆಯೊಂದರ ಯುದ್ಧಸೇವೆ

ಯಾಟ್ ಎಂದರೆ ಖಾಸಗಿ ವಿಹಾರ ನೌಕೆ. ಸರಕು ಸಾಗಿಸಲು ಅಥವಾ ಮೀನು ಹಿಡಿಯಲು ಅಲ್ಲ, ಮಾಲೀಕರು ಮತ್ತು ಅತಿಥಿಗಳ ಸುಖಪ್ರಯಾಣಕ್ಕೆಂದೇ ಅದನ್ನು ಕಟ್ಟಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಹಡಗುಗಳ ಕೊರತೆಯಾದಾಗ ಇಂತಹ ಹಲವು ಯಾಟ್‌ಗಳು ನೌಕಾಸೇವೆಗೆ ಸೇರಿದವು. ಅವುಗಳಲ್ಲೊಂದು ‘ಸೀ ಕ್ಲೌಡ್’.

1931ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ನಿರ್ಮಾಣವಾದ ಈ ನಾಲ್ಕು ಕೂವೆಮರಗಳ ಹಾಯಿಹಡಗಿನ ಮೊದಲ ಹೆಸರು ‘ಹುಸ್ಸಾರ್’. ಅಮೆರಿಕದ ಆಹಾರೋದ್ಯಮಿ ಕುಟುಂಬದ ಮಾರ್ಜರಿ ಮೆರಿವೆದರ್ ಪೋಸ್ಟ್ ಮತ್ತು ಅವರ ಪತಿ ಇ.ಎಫ್. ಹಟ್ಟನ್ ಇದರ ಮಾಲೀಕರು. ಒಳಗೆ ಅಮೃತಶಿಲೆಯ ಸ್ನಾನಗೃಹಗಳಿದ್ದವು. 1935ರಲ್ಲಿ ದಂಪತಿ ಬೇರೆಯಾದರು. ಹಡಗು ಪೋಸ್ಟ್ ಅವರಲ್ಲೇ ಉಳಿದು ‘ಸೀ ಕ್ಲೌಡ್’ ಎಂಬ ಹೆಸರು ಪಡೆಯಿತು.

1942ರಲ್ಲಿ ವರ್ಷಕ್ಕೆ ಕೇವಲ 1 ಡಾಲರ್ ಬಾಡಿಗೆಗೆ ಅದನ್ನು ಸರ್ಕಾರಕ್ಕೆ ಕೊಡಲಾಯಿತು. ಕೂವೆಮರಗಳನ್ನು ತೆಗೆದು, ಬೂದು ಬಣ್ಣ ಬಳಿದು, ಫಿರಂಗಿಗಳನ್ನು ಜೋಡಿಸಿದರು. ಮೊದಲು ಕೋಸ್ಟ್ ಗಾರ್ಡ್ ಹಡಗಾಗಿದ್ದ ಅದು 1943ರ ಏಪ್ರಿಲ್‌ನಲ್ಲಿ ನೌಕಾಪಡೆಯ ಪಟ್ಟಿಗೆ ಸೇರಿತು. ಅದರ ಮುಖ್ಯ ಕೆಲಸ ಉತ್ತರ ಅಟ್ಲಾಂಟಿಕ್‌ನಲ್ಲಿ ಹವಾಮಾನ ವೀಕ್ಷಣೆ. ಅಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಉಪಗ್ರಹಗಳಿಲ್ಲದ ಆ ಕಾಲದಲ್ಲಿ ಯುರೋಪಿನ ನಾಳಿನ ಹವೆಯನ್ನು ಊಹಿಸಲು ಸಮುದ್ರದ ಇಂದಿನ ವರದಿ ಬೇಕಿತ್ತು.

ಆ ದಿನಗಳಲ್ಲಿ ಅಮೆರಿಕದ ಸೇನೆಯಲ್ಲಿ ವರ್ಣಭೇದವಿತ್ತು. ಹಡಗುಗಳಲ್ಲಿ ಕಪ್ಪುವರ್ಣೀಯರಿಗೆ ಹೆಚ್ಚಾಗಿ ಸಿಗುತ್ತಿದ್ದುದು ಊಟ ಬಡಿಸುವ, ಅಧಿಕಾರಿಗಳ ಕೋಣೆ ಶುಚಿಗೊಳಿಸುವ ಕೆಲಸ. ಕೋಸ್ಟ್ ಗಾರ್ಡ್ ಅಧಿಕಾರಿ ಕಾರ್ಲ್ಟನ್ ಸ್ಕಿನ್ನರ್ ಇನ್ನೊಂದು ಹಡಗಿನಲ್ಲಿದ್ದಾಗ, ಎಂಜಿನ್ ಕೆಲಸ ಚೆನ್ನಾಗಿ ಬಲ್ಲ ಕಪ್ಪುವರ್ಣೀಯ ನೌಕರನೊಬ್ಬನ ಬಡ್ತಿಗೆ ಆತ ಪರಿಚಾರಕ ವರ್ಗದವನೆಂಬುದೇ ಅಡ್ಡಿಯಾದದ್ದನ್ನು ಕಂಡರು. ಯುದ್ಧಕಾಲದಲ್ಲಿ ಪ್ರತಿಭೆಯನ್ನು ಹೀಗೆ ವ್ಯರ್ಥ ಮಾಡುವುದು ಸರಿಯಲ್ಲ, ಎಲ್ಲರೂ ಸಮಾನವಾಗಿ ದುಡಿಯುವ ಒಂದು ಹಡಗು ಇರಲಿ ಎಂದು ಮೇಲಧಿಕಾರಿಗಳಿಗೆ ಪ್ರಸ್ತಾವ ಕಳುಹಿಸಿದರು. 1943ರ ಕೊನೆಯಲ್ಲಿ ‘ಸೀ ಕ್ಲೌಡ್’ನ ಹೊಣೆ ಅವರಿಗೇ ಬಂತು. ಸುಮಾರು 170 ಮಂದಿಯ ಸಿಬ್ಬಂದಿಯಲ್ಲಿ ಸುಮಾರು 50 ಮಂದಿ ಕಪ್ಪುವರ್ಣೀಯರಾದರು, ಅವರಲ್ಲಿ ಅಧಿಕಾರಿಗಳೂ ಇದ್ದರು. ಊಟ, ವಸತಿ, ಪಾಳಿ ಎಲ್ಲವೂ ಒಟ್ಟಿಗೆ. ಪ್ರಸಿದ್ಧ ಚಿತ್ರಕಾರ ಜೇಕಬ್ ಲಾರೆನ್ಸ್ ಕೂಡ ಇಲ್ಲಿ ಸೇವೆ ಸಲ್ಲಿಸಿದರು. ಕಪ್ಪುವರ್ಣೀಯರು ಮತ್ತು ಬಿಳಿಯರು ಒಂದೇ ಹಡಗಿನಲ್ಲಿ ಸಮಾನರಾಗಿ ಬಾಳಲಾರರು ಎಂಬ ವಾದಕ್ಕೆ ಅವರ ದಿನನಿತ್ಯದ ಕೆಲಸವೇ ಉತ್ತರವಾಯಿತು.

1944ರ ನವೆಂಬರ್‌ನಲ್ಲಿ ಹಡಗಿನ ಯುದ್ಧಸೇವೆ ಮುಗಿಯಿತು. 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಸಶಸ್ತ್ರ ಪಡೆಗಳಲ್ಲಿ ಸಮಾನ ಅವಕಾಶಕ್ಕೆ ಆದೇಶ ಹೊರಡಿಸಿದರು. ‘ಸೀ ಕ್ಲೌಡ್’ ಒಂದರಿಂದಲೇ ಆ ಆದೇಶ ಬಂತೆಂದು ಹೇಳಲಾಗದು. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲೇ ಈ ಹಡಗಿನವರು ಹಾಗೆ ಬಾಳಿ ತೋರಿಸಿದ್ದರು.

ಮೈಬಣ್ಣದಿಂದ ಯಾರೂ ಶ್ರೇಷ್ಠರಾಗುವುದಿಲ್ಲವೆಂದು ಪ್ರವಾದಿ ಮುಹಮ್ಮದ್ (ಸ) ತಮ್ಮ ವಿದಾಯ ಹಜ್ಜ್ ಸಂದರ್ಭದಲ್ಲಿ ಸಾರಿದ್ದನ್ನು ನಮ್ಮಲ್ಲಿ ಅನೇಕರು ಬಾಲ್ಯದಿಂದಲೇ ಕೇಳಿದ್ದೇವೆ. ಕೇಳಿ ಒಪ್ಪುವುದು ಸುಲಭ. ಅದನ್ನು ಊಟದ ಮೇಜಿಗೆ, ಮಲಗುವ ಕೋಣೆಗೆ, ಬಡ್ತಿಯ ಪಟ್ಟಿಗೆ ತರುವುದು ಕಷ್ಟ. ‘ಸೀ ಕ್ಲೌಡ್’ನಲ್ಲಿ ನಡೆದದ್ದು ಆ ಕಷ್ಟದ ಕೆಲಸ. ವಿದ್ಯಾರ್ಥಿಗಳೇ, ನಮ್ಮ ತರಗತಿಯ ಬೆಂಚುಗಳಲ್ಲಿ, ಹಾಸ್ಟೆಲ್‌ನ ಊಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದನ್ನು ಒಮ್ಮೆ ಗಮನಿಸಿ.